ಇಷ್ಟೇ ಸಾಕೆಂದ ಯತಿಗಳು





ಫ್ರಾನ್ಸ್ ದೇಶದ ಗ್ರೆನೋಬಲ್ ಪಟ್ಟಣದ ಉತ್ತರಕ್ಕೆ, ಆಲ್ಪ್ಸ್ ಪರ್ವತಗಳ ನಡುವೆ ಶಾರ್ತ್ರೂಸ್ ಎಂಬ ಇಕ್ಕಟ್ಟಾದ ಕಣಿವೆಯುಂಟು. ಕ್ರಿ. ಶ. 1084ರಲ್ಲಿ ಬ್ರೂನೋ ಎಂಬ ಕ್ರೈಸ್ತ ಪಂಡಿತನು ತನ್ನ ಅಧ್ಯಾಪಕಪದವಿಯನ್ನೂ ಅದರ ಕೀರ್ತಿಯನ್ನೂ ತೊರೆದು, ಆರು ಜನ ಸಂಗಡಿಗರೊಡನೆ ಅಲ್ಲಿಗೆ ಬಂದು ನೆಲೆಸಿದನು. ಹಲವು ತಿಂಗಳು ಹಿಮದಲ್ಲಿ ಹುದುಗಿರುವ ಬಂಡೆಗಲ್ಲಿನ ನೆಲವದು. ಅನುಭವಸ್ಥ ಒಕ್ಕಲಿಗನಾದರೆ ಒಮ್ಮೆ ನೋಡಿ ಹಿಂದಿರುಗುವಂಥದು.

ಈ ಪಂಥದ ಯತಿಗಳ ವಾಸಕ್ರಮವು ಅಪೂರ್ವವಾದುದು. ಪ್ರತಿಯೊಬ್ಬನಿಗೂ ಬೇರೆ ಬೇರೆ ಪುಟ್ಟ ಮನೆ. ಕೆಳಗೆ ಸೌದೆಯ ಕೊಟ್ಟಿಗೆ, ಕೈಕೆಲಸದ ಸ್ಥಳ. ಮೇಲೆ ಪ್ರಾರ್ಥನೆ, ಅಧ್ಯಯನ, ನಿದ್ರೆಗಳಿಗೆ ಸಾಲುವಷ್ಟು ಜಾಗ. ಹೊರಗೆ ಗೋಡೆಯಿಂದ ಸುತ್ತುವರಿದ ಒಂದು ಹಿಡಿಯಷ್ಟು ತೋಟ. ಊಟವು ಗೋಡೆಯ ಕಿಂಡಿಯಿಂದ ಬರುವದು. ಮಾಂಸವು ಸರ್ವಥಾ ವರ್ಜ್ಯ. ವಾರಕ್ಕೊಮ್ಮೆ ಎಲ್ಲರೂ ಕೂಡಿ ಕಾಡಿನಲ್ಲಿ ತಿರುಗಾಡುತ್ತ ಮಾತನಾಡುವರು. ಉಳಿದಂತೆ ದಿನದ ಹೆಚ್ಚು ಪಾಲು ಆ ಮನೆ, ಆ ತೋಟ, ಅಷ್ಟೇ. ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ ಇದೇ ಪಂಥದವರು 1398ರಲ್ಲಿ ಕಟ್ಟಿದ ಮೌಂಟ್ ಗ್ರೇಸ್ ಮಠದ ಅವಶೇಷಗಳನ್ನು ಅಗೆದು ನೋಡಿದಾಗ, ಒಂದು ತೋಟದ ಪಾತಿಗಳಂತೆ ಇನ್ನೊಂದರವು ಇರಲಿಲ್ಲವೆಂದು ಕಂಡುಬಂದಿತು. ನಿಯಮವು ಊಟದ ಹೊತ್ತನ್ನು ಗೊತ್ತುಪಡಿಸಿದರೂ ಹೂವಿನ ಪಾತಿಯನ್ನು ಅವರವರ ಮನಸ್ಸಿಗೇ ಬಿಟ್ಟಿತ್ತೆಂದು ತೋರುವದು.

ಬ್ರೂನೋ ಯಾವ ನಿಯಮಗ್ರಂಥವನ್ನೂ ಬರೆಯಲಿಲ್ಲ. ಆ ಕಾರ್ಯವನ್ನು ಐದನೆಯ ಅಧಿಪತಿಯಾದ ಗೀಗೋ ಎಂಬವನು 1127ರ ಸುಮಾರಿಗೆ ನೆರವೇರಿಸಿದನು. ಅವನ ಗ್ರಂಥದಲ್ಲಿ ಧ್ಯಾನದ ಮಾತು ಇರುವಂತೆಯೇ ಎಣಿಕೆಯ ಮಾತೂ ಇದೆ. ಯತಿಗಳು ಹದಿಮೂವರು, ಕೈಕೆಲಸದ ಸಹೋದರರಿಗೂ, ಎತ್ತು, ಕುರಿ, ನಾಯಿಗಳಿಗೂ ಇಂತಿಷ್ಟೇ ಎಂಬ ಕಟ್ಟು. ಎಲ್ಲೆಯ ಕಲ್ಲಿನಾಚೆಗೆ ಹೊಲವಾಗಲಿ ದ್ರಾಕ್ಷಿಯ ತೋಟವಾಗಲಿ ಮಠಕ್ಕೆ ಇರತಕ್ಕದ್ದಲ್ಲ. ಜನ ಹೆಚ್ಚಿದರೆ ವೆಚ್ಚ ಸಾಲದೆ ಬೇಡುತ್ತ ಅಲೆಯಬೇಕಾದೀತು ಎಂಬುದೇ ಕಾರಣ. ಮುಂದೆ ಈ ನೆಲವು ಅಷ್ಟು ಜನರನ್ನೂ ಸಾಕಲಾರದಾದರೆ ಸಂಖ್ಯೆಯನ್ನೇ ಇಳಿಸಬೇಕೆಂದೂ ಅವನು ವಿಧಿಸಿದನು. ಆ ಕಾಲದ ಯುರೋಪದಲ್ಲಿ ದಾನದ ಭೂಮಿಯಿಂದ ಮಠಗಳು ಸಂಸ್ಥಾನಗಳಂತೆ ಬೆಳೆಯುತ್ತಿದ್ದುದನ್ನು ನೆನೆದರೆ ಈ ವಿಧಿಯ ಧೈರ್ಯವು ತಿಳಿಯುವದು.

ಅಂದಿನ ಲೇಖಕ ಗಿಬೇರನು ಒಂದು ಸಂಗತಿಯನ್ನು ಹೇಳುತ್ತಾನೆ. ನೆವೇರ್ ಪ್ರಾಂತದ ಪ್ರಭುವು ಈ ಯತಿಗಳ ಬಡತನವನ್ನು ಕಂಡು ಮರುಗಿ ಬೆಳ್ಳಿಯ ಪಾತ್ರೆಗಳನ್ನು ಕಳುಹಿಸಿದನಂತೆ. ಅವರು ಅವನ್ನು ಸ್ವೀಕರಿಸಲಿಲ್ಲ. ಪ್ರಭುವು ನಾಚಿ, ಈ ಸಲ ಎತ್ತಿನ ತೊಗಲನ್ನೂ ಬರೆಯುವ ಚರ್ಮಪತ್ರವನ್ನೂ ಕಳುಹಿಸಿಕೊಟ್ಟನು. ಗ್ರಂಥಗಳನ್ನು ಪ್ರತಿಮಾಡುವದೇ ಅವರ ಮುಖ್ಯ ಕೈಕೆಲಸವಾದುದರಿಂದ ಇದು ಅವರಿಗೆ ಬೇಕಾದ ವಸ್ತುವೇ ಆಗಿತ್ತು.

ಇದನ್ನು ಕೇಳಿದ ಶರಣರಿಗೆ ಆಯ್ದಕ್ಕಿ ಲಕ್ಕಮ್ಮನ ನೆನಪಾಗದೆ ಇರದು. ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ಮಾರಯ್ಯನನ್ನು ಆ ತಾಯಿ ಹಿಂದಕ್ಕೆ ಕಳುಹಿಸಿದಳು. ಗೀಗೋ ತೀರಿಕೊಂಡದ್ದು 1136ರಲ್ಲಿ. ಕಲ್ಯಾಣದ ಶರಣರದೂ ಅದೇ ಶತಮಾನ. ಒಬ್ಬರ ಹೆಸರನ್ನು ಇನ್ನೊಬ್ಬರು ಕೇಳಿದವರಲ್ಲ.

ಆದರೆ ಒಂದು ಭೇದವನ್ನು ಮರೆಯಲಾಗದು. ಪಾಲಾಗಿ ಪಾಲಾಗಿ ಹತ್ತು ಗುಂಟೆಗೆ ಇಳಿದ ಹೊಲದ ಒಕ್ಕಲಿಗನ ಮುಂದೆ ನಿಂತು, ತುಂಬಿದ ಕಣಜದವನು 'ಸಂತೋಷದಿಂದಿರು' ಎಂದರೆ ಅದು ಉಪದೇಶವಲ್ಲ, ಕ್ರೌರ್ಯ. ಗೀಗೋ ಕಟ್ಟು ಹಾಕಿದ್ದು ಇತರರ ಬಾಯಿಗಲ್ಲ, ಇನ್ನಷ್ಟು ಪಡೆಯಬಲ್ಲ ತನ್ನ ಮಠಕ್ಕೆ. ಮೊದಲು ಇಷ್ಟು ಬೇಕೆಂದು ಎಣಿಸಿದನು, ಆಮೇಲೆ ಸಾಕೆಂದನು. ಮಿಕ್ಕಿದ ರೊಟ್ಟಿಯು ನೆರೆಹಳ್ಳಿಯ ಬಡವರಿಗೆ ಸಲ್ಲಬೇಕೆಂದನು.

ಈ ತೃಪ್ತಿಗೆ ಪೆಟ್ಟು ಬೀಳದೆ ಇರಲಿಲ್ಲ. 1132ರಲ್ಲಿ ಹಿಮರಾಶಿಯು ಜಾರಿ ಬಿದ್ದು ಮಠವು ನೆಲಸಮವಾಯಿತು, ಏಳು ಜನ ಮಡಿದರು. ಗೀಗೋ ಸುಮಾರು ಎರಡು ಕಿಲೋಮೀಟರು ಕೆಳಗೆ ಹೊಸ ಮಠವನ್ನು ಕಟ್ಟಿಸಿದನು, ಕಣಿವೆಯನ್ನು ಬಿಡಲಿಲ್ಲ. ಸಿರಿಯು ತಂದ ಪರೀಕ್ಷೆಯು ಬೇರೆ ಬಗೆಯದು. ಮುಂದಿನ ಶತಮಾನಗಳಲ್ಲಿ ಈ ಯತಿಗಳು ಗಿಡಮೂಲಿಕೆಗಳಿಂದ ತಯಾರಿಸಿದ ಮದ್ಯವು ಜಗತ್ಪ್ರಸಿದ್ಧವಾಗಿ ಹೇರಳ ಹಣವನ್ನು ತಂದಿತು. ಲಿಂಗವಂತರಿಗೆ ಇದು ಒಪ್ಪುವ ಕಾಯಕವಲ್ಲ, ಮುಚ್ಚಿಡುವದೂ ಸರಿಯಲ್ಲ. ಬೇಡಿಕೆ ಏರುತ್ತಿರುವಾಗಲೇ, ಪ್ರಾರ್ಥನೆಗೂ ಏಕಾಂತಕ್ಕೂ ಭಂಗ ಬರುವದೆಂದು 2019ರಲ್ಲಿ ಅವರು ಅದರ ಉತ್ಪಾದನೆಗೆ ಮಿತಿ ಹಾಕಿಕೊಂಡರು. ಎಂಟುನೂರಕ್ಕೂ ಹೆಚ್ಚು ವರ್ಷಗಳ ಮೇಲೆ ಗೀಗೋನ ಎಲ್ಲೆಗಲ್ಲು ಮತ್ತೆ ಕಣ್ಣಿಗೆ ಬಿದ್ದಿತೆನ್ನಬೇಕು.

ಮಠದ ಮನೆಗಳ ಬಾಗಿಲಿಗೆ ಒಂದೊಂದು ಅಕ್ಷರದ ಗುರುತುಂಟು, ವಾಸಿಸುವವನ ಹೆಸರಿಲ್ಲ. ಯತಿಯು ಲಿಂಗೈಕ್ಯನಾದನೆಂದು ಶರಣರು ಹೇಳುವ ಹೊತ್ತಿನಲ್ಲಿ ಅವರು ಅವನನ್ನು ಪೆಟ್ಟಿಗೆಯಿಲ್ಲದೆ ಮಣ್ಣಿಗೆ ಒಪ್ಪಿಸಿ, ಹೆಸರಿಲ್ಲದ ಮರದ ಶಿಲುಬೆಯನ್ನು ನೆಡುವರು. ಮತ್ತೊಬ್ಬನು ಅದೇ ಬಾಗಿಲನ್ನು ತೆರೆದು, ಹಿಂದಿನವನು ಬಿಟ್ಟುಹೋದ ಪಾತಿಗೆ ನೀರು ಹೊಯ್ಯುವನು.