ಸೋಲುವ ತಂಡದ ಲೆಕ್ಕಪುಸ್ತಕ



ಕ್ರೀಡೆಯ ಬಗ್ಗೆ ಮಾತನಾಡಲು ಬರುವವರು ಸಾಮಾನ್ಯವಾಗಿ ಗೆದ್ದವರನ್ನೇ ಆರಿಸಿಕೊಳ್ಳುತ್ತಾರೆ. ಕಾರ್ಯಕ್ರಮ ತಯಾರಿಸುವವನಾದ ನನಗೆ ಇದರ ಕಾರಣ ಚೆನ್ನಾಗಿ ಗೊತ್ತು: ಕಪ್ ಎತ್ತಿ ಹಿಡಿಯುವ ಒಂದು ದೃಶ್ಯ ಸಿಕ್ಕರೆ ನಮ್ಮ ಅರ್ಧ ಕೆಲಸ ಮುಗಿದಂತೆ. ಇಂದು ನಾನು ಹೇಳಹೊರಟಿರುವುದು ಒಂದೇ ವರ್ಷದಲ್ಲಿ 121 ಪಂದ್ಯಗಳನ್ನು ಸೋತ ತಂಡದ ವಿಷಯ. ಅಮೆರಿಕದ ಚಿಕಾಗೋ ನಗರದ ದಕ್ಷಿಣ ಭಾಗದ ಬೇಸ್‌ಬಾಲ್ ತಂಡ ಅದು. ಹೆಸರು ವೈಟ್ ಸಾಕ್ಸ್, ಎಂದರೆ ಬಿಳಿ ಕಾಲುಚೀಲ. ವರ್ಷ 2024.

ಬೇಸ್‌ಬಾಲ್‌ನಲ್ಲಿ ಒಂದು ತಂಡ ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ 162 ಪಂದ್ಯಗಳನ್ನು ಆಡುತ್ತದೆ. ಹೆಚ್ಚುಕಡಿಮೆ ದಿನಕ್ಕೊಂದು ಆಟ. ಚಿಕಾಗೋದ ಸಂಜೆಯ ಆಟ ಮುಗಿಯುವಾಗ ನಮ್ಮಲ್ಲಿ ಬೆಳಗಿನ ಕಾಫಿಯ ಹೊತ್ತು. ಹೀಗಾಗಿ ದೂರದ ಬೆಂಗಳೂರಿನಲ್ಲಿ ಕುಳಿತೂ ಒಂದು ತಂಡವನ್ನು ದಿನವೂ ಹಿಂಬಾಲಿಸುವುದು ಕಷ್ಟವೇನಲ್ಲ. ಕಷ್ಟವಾಗುವುದು ಬೇರೆ ವಿಷಯ. ಇಂದು ನೆಚ್ಚಿಕೊಂಡ ಆಟಗಾರ ನಾಳೆ ಆ ತಂಡದಲ್ಲೇ ಇರುವುದಿಲ್ಲ.

ಐ.ಪಿ.ಎಲ್. ಹರಾಜು ನಿಮಗೆ ಗೊತ್ತಿದೆ. ಬೇಸ್‌ಬಾಲ್‌ನಲ್ಲಿ ಹರಾಜಿಗಿಂತ ಮುಖ್ಯವಾದದ್ದು ಟ್ರೇಡ್, ಅಂದರೆ ಆಟಗಾರರ ವಿನಿಮಯ. ಸೋಲುತ್ತಿರುವ ತಂಡ ತನ್ನ ಪಳಗಿದ ಆಟಗಾರನನ್ನು ಗೆಲ್ಲುವ ತಂಡಕ್ಕೆ ಕೊಟ್ಟು, ಇನ್ನೂ ಕೆಳಹಂತದಲ್ಲಿ ಆಡುತ್ತಿರುವ ಮೂವರು ನಾಲ್ವರು ಹುಡುಗರನ್ನು ಪಡೆಯುತ್ತದೆ. ಇಂದಿನ ಫಸಲನ್ನು ಕೊಟ್ಟು ಬಿತ್ತನೆ ಬೀಜ ತಂದ ಹಾಗೆ. ಬೀಜ ಮೊಳೆಯುವುದೋ ಇಲ್ಲವೋ, ಅದನ್ನು ಯಾರೂ ಬರೆದುಕೊಡುವುದಿಲ್ಲ.

2016ರ ಡಿಸೆಂಬರ್‌ನಲ್ಲಿ ವೈಟ್ ಸಾಕ್ಸ್ ತನ್ನ ಶ್ರೇಷ್ಠ ಪಿಚರ್ ಕ್ರಿಸ್ ಸೇಲ್ ಅವರನ್ನು ಬಾಸ್ಟನ್‌ಗೆ ಕೊಟ್ಟಿತು. (ಅದೇ ವರ್ಷ ತಂಡದ ಹಳೆಯ ಮಾದರಿಯ ಅಂಗಿ ಇಷ್ಟವಾಗದೆ ಕತ್ತರಿಯಿಂದ ಕತ್ತರಿಸಿ ಹಾಕಿ, ಐದು ದಿನ ಅಮಾನತಾದ ಆಸಾಮಿ ಇವರು!) ಬದಲಿಗೆ ಬಂದ ನಾಲ್ವರಲ್ಲಿ ಯೋಆನ್ ಮೊಂಕಾಡಾ ಮತ್ತು ವೇಗದ ಪಿಚರ್ ಮೈಕೆಲ್ ಕೋಪೆಕ್ ಮುಖ್ಯರು. 2017ರ ಜುಲೈನಲ್ಲಿ ಹೋಸೆ ಕಿಂಟಾನಾ ಅವರನ್ನು ಅದೇ ಊರಿನ ಕಬ್ಸ್ ತಂಡಕ್ಕೆ ಕೊಟ್ಟು, ಎಲಾಯ್ ಹಿಮೆನೆಜ್, ಡಿಲನ್ ಸೀಸ್ ಮತ್ತಿತರರನ್ನು ಪಡೆದರು. ಅಭಿಮಾನಿಗಳು ಕಾದರು. 2021ರಲ್ಲಿ ತಂಡ 93 ಪಂದ್ಯ ಗೆದ್ದು ತನ್ನ ವಿಭಾಗದಲ್ಲಿ ಮೊದಲ ಸ್ಥಾನಕ್ಕೆ ಬಂತು. ಕಾದದ್ದು ಸಾರ್ಥಕವಾಯಿತು ಎಂದುಕೊಳ್ಳುವಷ್ಟರಲ್ಲಿ ಹೂಸ್ಟನ್ ಎದುರು ಸೋತು ಹೊರಬಿತ್ತು. 2022ರಲ್ಲಿ 81 ಗೆಲುವು, 81 ಸೋಲು. 2023ರಲ್ಲಿ 101 ಸೋಲು. ಗಾಯಗಳು ಕಾಡಿದವು, ಕೋಪೆಕ್ ಅವರಂತೂ 2018ರಲ್ಲೇ ಮೊಣಕೈ ನೋವಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮರುವರ್ಷ ಪೂರ್ತಿ ಆಟದಿಂದ ಹೊರಗಿದ್ದರು.

2024ರ ಮಾರ್ಚ್‌ನಲ್ಲಿ ಸೀಸ್ ಅವರನ್ನು ಸ್ಯಾನ್ ಡಿಯೇಗೋಗೆ ಕೊಟ್ಟರು. ಮೊದಲ 25 ಪಂದ್ಯಗಳಲ್ಲಿ ತಂಡ ಗೆದ್ದದ್ದು ಮೂರು. ಜುಲೈ 10ರಿಂದ ಆಗಸ್ಟ್ 5ರವರೆಗೆ ಒಂದೇ ಸಮನೆ 21 ಸೋಲು. ಈ ಸರಣಿಯ ನಡುವೆಯೇ, ಜುಲೈ 25ರಂದು, ಸೀಸ್ ಹೊಸ ತಂಡದ ಪರವಾಗಿ ಒಂಬತ್ತು ಇನಿಂಗ್ಸ್‌ನಲ್ಲಿ ಎದುರಾಳಿಗಳಿಗೆ ಒಂದೇ ಒಂದು ಹಿಟ್ ಕೂಡ ಬಿಟ್ಟುಕೊಡದ ಅಪರೂಪದ ಸಾಧನೆ ಮಾಡಿದರು. ವೈಟ್ ಸಾಕ್ಸ್ ಅಭಿಮಾನಿಗೆ ಆ ಬೆಳಗಿನ ಸುದ್ದಿ ಹೇಗಿದ್ದಿರಬೇಕು, ನೀವೇ ಊಹಿಸಿ.

ವಿಜ್ಞಾನ ಓದಿದವನಾದ್ದರಿಂದ ಇಲ್ಲಿ ನನ್ನ ಕೈ ತಾನಾಗಿ ಪೆನ್ಸಿಲ್ ಕಡೆಗೆ ಹೋಗುತ್ತದೆ. ಬಿಲ್ ಜೇಮ್ಸ್ ಎಂಬ ಅಮೆರಿಕದ ಲೇಖಕರು ಒಂದು ಸರಳ ಸೂತ್ರ ಕೊಟ್ಟಿದ್ದಾರೆ. ತಂಡ ಗಳಿಸಿದ ರನ್ನುಗಳ ವರ್ಗವನ್ನು, ಗಳಿಸಿದ ಮತ್ತು ಬಿಟ್ಟುಕೊಟ್ಟ ರನ್ನುಗಳ ವರ್ಗಗಳ ಮೊತ್ತದಿಂದ ಭಾಗಿಸಿ. ಗೆಲುವಿನ ನಿರೀಕ್ಷಿತ ಪ್ರಮಾಣ ಸಿಗುತ್ತದೆ. ಪೈಥಾಗೊರಸ್ ಪ್ರಮೇಯವನ್ನು ನೆನಪಿಸುವುದರಿಂದ ಸೂತ್ರಕ್ಕೆ ಅವನ ಹೆಸರೇ ಬಂದಿದೆ. ವೈಟ್ ಸಾಕ್ಸ್ ಆ ವರ್ಷ ಗಳಿಸಿದ್ದು 507 ರನ್, ಕೊಟ್ಟದ್ದು 813. ಲೆಕ್ಕ ಹಾಕಿದರೆ 0.28 ಬರುತ್ತದೆ, 162 ಪಂದ್ಯಗಳಿಗೆ ಸುಮಾರು 45 ಗೆಲುವು. ನಿಜವಾಗಿ ಗೆದ್ದದ್ದು 41. ಅಂದರೆ ತಂಡ ದುರ್ಬಲವಾಗಿತ್ತು ಎಂಬುದರಲ್ಲಿ ಸಂದೇಹವಿಲ್ಲ. ಅದರ ಮೇಲೆ ಅದೃಷ್ಟವೂ ಸ್ವಲ್ಪ ಕೈಕೊಟ್ಟಿತ್ತು.

ಇನ್ನು ಆ 21 ಸೋಲುಗಳು. ಪ್ರತಿ ಪಂದ್ಯದಲ್ಲೂ ಸೋಲುವ ಸಂಭವ 0.72 ಎಂದಿಟ್ಟುಕೊಳ್ಳಿ. ಅದನ್ನು 21 ಬಾರಿ ಗುಣಿಸಿದರೆ ಸಾವಿರಕ್ಕೆ ಒಂದು. ಹಾಗಾದರೆ ಇದು ನಂಬಲಾಗದ ಘಟನೆಯೇ? ಅವಸರಪಡಬೇಡಿ. ಸೋಲಿನ ಸರಣಿ ವರ್ಷದ ಯಾವ ದಿನವಾದರೂ ಶುರುವಾಗಬಹುದಿತ್ತು. ಆ ಎಲ್ಲ ಅವಕಾಶಗಳನ್ನೂ ಸೇರಿಸಿಕೊಂಡರೆ ಸಂಭವ ನೂರಕ್ಕೆ ಸುಮಾರು ನಾಲ್ಕು. ಅಪರೂಪ ಹೌದು, ಪವಾಡವಲ್ಲ. ಸಂಭವನೀಯತೆಯ ಪಾಠದಲ್ಲಿ ಬಹಳ ಮಂದಿ ಎಡವುವುದು ಇಲ್ಲೇ.

ಜುಲೈ ಕೊನೆಗೆ ವಿನಿಮಯದ ಗಡುವು. ಕೋಪೆಕ್ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡಕ್ಕೆ ಹೋದರು, ಹಿಮೆನೆಜ್ ಬಾಲ್ಟಿಮೋರ್‌ಗೆ. ಅಕ್ಟೋಬರ್‌ನಲ್ಲಿ ಡಾಡ್ಜರ್ಸ್ ವರ್ಲ್ಡ್ ಸೀರೀಸ್ ಗೆದ್ದಿತು. ಎಂಟು ವರ್ಷಗಳ ಹಿಂದೆ ಬಿಟ್ಟುಕೊಟ್ಟ ಸೇಲ್ ಆ ಹೊತ್ತಿಗೆ ಅಟ್ಲಾಂಟಾದಲ್ಲಿದ್ದರು. ನ್ಯಾಷನಲ್ ಲೀಗ್‌ನ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಅದೇ ವರ್ಷ ಅವರ ಪಾಲಾಯಿತು. ಕೊಟ್ಟವರೂ ಬೆಳಗಿದರು, ಬದಲಿಗೆ ಬಂದವರೂ ಬೇರೆಡೆಗೆ ಹೋಗಿ ಬೆಳಗಿದರು.

ಸೆಪ್ಟೆಂಬರ್ ಕೊನೆಯ ವಾರ ಸೋಲುಗಳು 120 ಆಗಿದ್ದವು. 1962ರಲ್ಲಿ ನ್ಯೂಯಾರ್ಕ್ ಮೆಟ್ಸ್ ಮಾಡಿದ ದಾಖಲೆಗೆ ಸಮ. ಇನ್ನೊಂದು ಸೋಲನ್ನು ನೋಡಲೆಂದೇ ಜನ ಕ್ರೀಡಾಂಗಣಕ್ಕೆ ಬಂದರು; ತಂಡವನ್ನು ಮಾರಿಬಿಡಿ ಎಂದು ಮಾಲೀಕರ ವಿರುದ್ಧ ಕೂಗಿದರು. ಆಟಗಾರರು ಮಾತ್ರ ಸ್ವಂತ ಅಂಗಳದಲ್ಲಿ ಮೂರು ದಿನ ಮೂರೂ ಪಂದ್ಯ ಗೆದ್ದರು! 121ನೆಯ ಸೋಲು 27ರಂದು ಡೆಟ್ರಾಯಿಟ್‌ನಲ್ಲಿ ಬಂತು. ಆಮೇಲೆ ಉಳಿದ ಎರಡನ್ನೂ ಗೆದ್ದರು. ಮೆಟ್ಸ್ ಅಂದು ಸೋತದ್ದು 120 ಪಂದ್ಯ, ಗೆದ್ದದ್ದು 40. ಶೇಕಡಾವಾರು ನೋಡಿದರೆ ವೈಟ್ ಸಾಕ್ಸ್ ಕೂದಲೆಳೆಯಷ್ಟು ಮೇಲು. ಪತ್ರಿಕೆಗಳ ತಲೆಬರಹಕ್ಕೆ ಇಂಥ ಸೂಕ್ಷ್ಮಗಳು ಬೇಕಿಲ್ಲ.

ನಾಳೆಗಾಗಿ ಇಂದು ಸೋಲುವುದು ಜಾಣತನವೇ? ಲೆಕ್ಕದ ದೃಷ್ಟಿಯಿಂದ ಒಮ್ಮೊಮ್ಮೆ ಹೌದು. ಆದರೆ ಟಿಕೆಟ್ ಕೊಂಡು ಮಗುವನ್ನು ಆಟಕ್ಕೆ ಕರೆತಂದ ತಂದೆಗೆ ಆ ಮಗುವಿನ ಹತ್ತನೆಯ ವರ್ಷ ಇನ್ನೊಮ್ಮೆ ಬರುವುದಿಲ್ಲ. ಆದ್ದರಿಂದ ಈ ಜಾಣತನ ನನಗೆ ಪೂರ್ತಿ ಒಪ್ಪಿಗೆಯಾಗಿಲ್ಲ. ಬೇಕೆಂದೇ ಸೋಲುವುದನ್ನು ತಡೆಯಲು ಲೀಗ್ ಕೂಡ ನಿಯಮ ಮಾಡಿದೆ. ಹೊಸ ಆಟಗಾರರ ಆಯ್ಕೆಯಲ್ಲಿ ಮೊದಲ ಸರದಿಗಳನ್ನು ಲಾಟರಿ ಎತ್ತಿ ಹಂಚುತ್ತಾರೆ. ವೈಟ್ ಸಾಕ್ಸ್‌ನಂಥ ದೊಡ್ಡ ನಗರದ ತಂಡಕ್ಕೆ ಸತತ ಎರಡು ವರ್ಷ ಅದರಲ್ಲಿ ಪಾಲಿಲ್ಲ. ಹೀಗಾಗಿ 121 ಸೋತ ತಂಡಕ್ಕೆ 2025ರಲ್ಲಿ ಸಿಕ್ಕಿದ್ದು ಹತ್ತನೆಯ ಸರದಿ.

2024ರ ಡಿಸೆಂಬರ್‌ನಲ್ಲಿ, ಉಳಿದಿದ್ದ ಒಬ್ಬನೇ ಉತ್ತಮ ಪಿಚರ್ ಗ್ಯಾರೆಟ್ ಕ್ರೋಶೆ ಅವರನ್ನೂ ಕೊಟ್ಟರು. ಮತ್ತೆ ಬಾಸ್ಟನ್‌ಗೆ, ಮತ್ತೆ ನಾಲ್ವರು ಹುಡುಗರಿಗೆ. 2025ರಲ್ಲಿ ಕ್ರೋಶೆ ಬಾಸ್ಟನ್ ಪರ 18 ಪಂದ್ಯ ಗೆದ್ದರು. ಬಂದ ನಾಲ್ವರಲ್ಲಿ ಮೂವರು ಅದೇ ವರ್ಷ ವೈಟ್ ಸಾಕ್ಸ್ ಅಂಗಿ ತೊಟ್ಟು ಆಡಿದರು. ಅವರಲ್ಲಿ ಕೈಲ್ ಟೀಲ್ ಎಂಬ ಕ್ಯಾಚರ್ ಒಬ್ಬರು. ತಂಡ 102 ಪಂದ್ಯ ಸೋತಿತು, 60 ಗೆದ್ದಿತು. ಹಿಂದಿನ ವರ್ಷಕ್ಕಿಂತ 19 ಹೆಚ್ಚು.