ನೆಲದ ಮೇಲೆ ಹಾರುವ ವಿದ್ಯೆ



ಸೇವೆ ಮುಗಿಸಿದ ಯುದ್ಧವಿಮಾನ ಗುಜರಿಗೆ ಹೋಗುವಾಗ ಕೆಲವೊಮ್ಮೆ ಅದರ ಮೂತಿಯಷ್ಟೇ ಉಳಿಯುವುದುಂಟು. 1951ರಲ್ಲಿ ಮೊದಲು ಹಾರಿದ, ಮುಂದೆ ನಮ್ಮ ವಾಯುಪಡೆಗೂ ಬಂದ ಬ್ರಿಟನ್ನಿನ ಹಾಕರ್ ಹಂಟರ್ ವಿಮಾನದ, ಪೈಲಟ್ ಕೂರುವ ಕಾಕ್‌ಪಿಟ್‌ಗಳು ಹೀಗೆ ಹಲವಾರು ಉಳಿದಿವೆ. ಅಂಥದ್ದೊಂದು ವಿದ್ಯಾರ್ಥಿಗಳ ಕೈಗೆ ಸಿಕ್ಕರೆ ಅದನ್ನು ನೆಲದ ಮೇಲೇ ಹಾರಾಟದ ಅನುಭವ ಕೊಡುವ ಸಿಮ್ಯುಲೇಟರ್ ಮಾಡುವ ಆಸೆ ಹುಟ್ಟುತ್ತದೆ. ನೆಲದಲ್ಲೇ ಹಾರಾಟ ಕಲಿಯುವ ಆಸೆಗೆ ಹೆಚ್ಚುಕಡಿಮೆ ವಿಮಾನಗಳಷ್ಟೇ ವಯಸ್ಸಾಗಿದೆ ಎನ್ನಬಹುದು.

1910ರ ಸುಮಾರಿಗೇ ಫ್ರಾನ್ಸಿನ ಆಂತ್ವಾನೆತ್ ಕಂಪನಿ ಪೀಪಾಯಿಯ ಹೋಳುಗಳನ್ನು ಒಂದರ ಮೇಲೊಂದು ಕೂರಿಸಿ ತರಬೇತಿ ಯಂತ್ರ ಮಾಡಿತ್ತು. ಕಲಿಯುವವನು ಮೇಲೆ ಕೂರಬೇಕು, ಕೆಳಗೆ ನಿಂತವರು ಕೈಯಿಂದ ಅಲುಗಾಡಿಸಬೇಕು!

ಆ ಕೈಗಳ ಕೆಲಸವನ್ನು ಗಾಳಿಗೆ ಒಪ್ಪಿಸಿದವನು ಅಮೆರಿಕದ ಎಡ್ವಿನ್ ಲಿಂಕ್. ಬಿಂಗ್‌ಹ್ಯಾಮ್ಟನ್ ಊರಿನಲ್ಲಿ ಅವನ ತಂದೆಗೆ ಪಿಯಾನೊ ಮತ್ತು ಆರ್ಗನ್ ಕಾರ್ಖಾನೆಯಿತ್ತು. ನಮ್ಮ ಹಾರ್ಮೋನಿಯಂನಂತೆ ಆರ್ಗನ್ನಿಗೂ ತಿದಿಯೇ ಉಸಿರು. ಲಿಂಕ್ ಅವೇ ತಿದಿಗಳ ಮೇಲೆ ಪುಟ್ಟ ಕಾಕ್‌ಪಿಟ್ ಕೂರಿಸಿದ. ವಿಮಾನ ನಡೆಸುವ ಹಿಡಿಕೆಯಾದ ಸ್ಟಿಕ್ ಎಳೆದರೆ ಒಂದು ತಿದಿ ಉಬ್ಬುತ್ತಿತ್ತು, ಇನ್ನೊಂದು ಕುಗ್ಗುತ್ತಿತ್ತು, ಪೆಟ್ಟಿಗೆ ವಾಲುತ್ತಿತ್ತು. ಇದು 1929ರ ಮಾತು. ಮೊದಮೊದಲು ಇದನ್ನು ಕೊಂಡವರಲ್ಲಿ ಜಾತ್ರೆ, ಮನರಂಜನೆಯ ಪಾರ್ಕು ನಡೆಸುವವರೇ ಹೆಚ್ಚು.

1934ರಲ್ಲಿ ಅಮೆರಿಕದ ಸೇನೆಯ ತಲೆಗೆ ವಿಮಾನದ ಟಪಾಲು ಸಾಗಿಸುವ ಕೆಲಸ ಬಿತ್ತು. ಚಳಿಗಾಲದ ಮಂಜಿನಲ್ಲಿ, ಕತ್ತಲಲ್ಲಿ, ಉಪಕರಣಗಳನ್ನಷ್ಟೇ ನೋಡಿ ಹಾರುವ ಅಭ್ಯಾಸ ಪೈಲಟ್‌ಗಳಿಗೆ ಸಾಲದೆ ಸಾವಿನ ಮೇಲೆ ಸಾವು ಸಂಭವಿಸಿತು. ಸೇನೆ ಆಗ ಲಿಂಕ್‌ನಿಂದ ಆರು ಯಂತ್ರ ಕೊಂಡಿತು. ಎರಡನೇ ಮಹಾಯುದ್ಧ ಮುಗಿಯುವಷ್ಟರಲ್ಲಿ ನೀಲಿ ಬಣ್ಣದ ಅಂಥ ಸುಮಾರು 10,000 ಪೆಟ್ಟಿಗೆಗಳು ತಯಾರಾಗಿದ್ದವು.

ಮುಂದಿನ ಕಥೆ ಗಣಕಯಂತ್ರದ್ದು. 1944ರಲ್ಲಿ ಅಮೆರಿಕದ ನೌಕಾಪಡೆಗಾಗಿ ಎಂಐಟಿ ಸಂಸ್ಥೆ ಒಂದು ಸಿಮ್ಯುಲೇಟರ್ ಕಟ್ಟಲು ಹೊರಟಿತು. ಅದು ದಾರಿ ಬದಲಿಸಿ ವರ್ಲ್‌ವಿಂಡ್ ಎಂಬ ಹೆಸರಾಂತ ಕಂಪ್ಯೂಟರ್ ಆಯಿತು. 1982ರಲ್ಲಿ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಬಂದ ಮೇಲೆ ಮನೆಯ ಮೇಜಿನ ಮೇಲೂ ವಿಮಾನ ಹಾರತೊಡಗಿತು.

ಹಾಗಾದರೆ ಹಳೆಯ ಕಾಕ್‌ಪಿಟ್ ಏಕೆ ಬೇಕು? ಅದನ್ನು ದುರಸ್ತಿಗೆ ಬಿಚ್ಚಿದಾಗಲೇ ಉತ್ತರ ಸಿಗುತ್ತದೆ. ಮೊದಲ ಕೆಲಸ ಅಪಾಯ ಕಳೆಯುವುದು. ಪೈಲಟ್‌ನನ್ನು ಹೊರಗೆಸೆಯುವ ಸೀಟಿನಲ್ಲಿ ಸಿಡಿಮದ್ದು ಇರುತ್ತದೆ, ಹಳೆಯ ಮೀಟರುಗಳಲ್ಲಿ ಹೊಳೆಯುವ ರೇಡಿಯಂ ಬಣ್ಣ ಇರಬಹುದು. ಅವನ್ನು ಬಲ್ಲವರೇ ಮುಟ್ಟಬೇಕು. ಆಮೇಲೆ ಸ್ಟಿಕ್ಕಿಗೂ ಪೆಡಲುಗಳಿಗೂ ಸೆನ್ಸರ್ ಜೋಡಿಸಿ, ಮೀಟರಿನ ಮುಳ್ಳುಗಳಿಗೆ ಪುಟ್ಟ ಮೋಟಾರು ಹಾಕಿ, ಎಲ್ಲವನ್ನೂ ಕಂಪ್ಯೂಟರಿಗೆ ಸೇರಿಸುತ್ತಾರೆ.

ಸ್ಟಿಕ್ಕಿನ ಬುಡ ಬಿಚ್ಚಿದಾಗ ಒಂದು ಸೋಜಿಗ ಕಾದಿರುತ್ತದೆ. ಜೆಟ್ ವೇಗದಲ್ಲಿ ಗಾಳಿಯ ಒತ್ತಡಕ್ಕೆದುರಾಗಿ ರೆಕ್ಕೆಯ ಹಲಗೆಗಳನ್ನು ತಿರುಗಿಸುವುದು ತೋಳಿಗೆ ಬಲು ಕಷ್ಟ. ಆದ್ದರಿಂದ ಆ ಕೆಲಸ ಹೈಡ್ರಾಲಿಕ್ ಯಂತ್ರದ ಪಾಲಾಯಿತು. ಆಗ ಸ್ಟಿಕ್ ತೀರ ಹಗುರಾಗಿ, ಎಷ್ಟು ಎಳೆದೆ ಎಂಬ ಅಂದಾಜೇ ಪೈಲಟ್‌ಗೆ ತಪ್ಪುತ್ತದೆ. ಅದಕ್ಕೆಂದೇ ಎಂಜಿನಿಯರುಗಳು ಸ್ಪ್ರಿಂಗ್ ಸೇರಿಸಿ ಕೃತಕ ಬಿಗಿ ಕೊಟ್ಟರು. ಅಂದರೆ ಆಕಾಶದಲ್ಲಿದ್ದಾಗಲೂ ಪೈಲಟ್‌ನ ಕೈಗೆ ಸಿಗುತ್ತಿದ್ದುದು ಗಾಳಿಯ ನಟನೆ!

ನಮ್ಮ ತೇಜಸ್ ಯುದ್ಧವಿಮಾನ ಇನ್ನೂ ಒಂದು ಹೆಜ್ಜೆ ಮುಂದೆ. ಅದರ ಸ್ಟಿಕ್ಕಿಗೂ ರೆಕ್ಕೆಗೂ ನಡುವೆ ಇರುವುದು ಕಂಪ್ಯೂಟರ್ ಮತ್ತು ವಿದ್ಯುತ್ ಸಂಕೇತ. 2001ರ ಜನವರಿ 4ರಂದು ಅದು ಬೆಂಗಳೂರಿನಲ್ಲಿ ಮೊದಲು ಹಾರುವ ಮುನ್ನ ಪೈಲಟ್‌ಗಳು ಇದೇ ಊರಿನ ಸಿಮ್ಯುಲೇಟರಿನಲ್ಲಿ ಅದನ್ನು ಹಾರಿಸಿ ಪಳಗಿದ್ದರು.

ಪರದೆಯ ಮೇಲಿನ ಆಕಾಶವನ್ನು ಇಂದು ಯಾರು ಬೇಕಾದರೂ ಕೊಳ್ಳಬಹುದು. ಕೈಗೆ ಸರಿಯಾದ ಬಿಗಿ ಸಿಗುವಂತೆ ಮಾಡುವುದೇ ಕಷ್ಟ. ಹಳೆಯ ಕಾಕ್‌ಪಿಟ್ ಸಿಕ್ಕ ವಿದ್ಯಾರ್ಥಿಗಳು ಪ್ರೊಜೆಕ್ಟರ್ ಕೊಳ್ಳುವ ಮೊದಲು ಆ ಸ್ಪ್ರಿಂಗನ್ನು ಜೋಪಾನ ಮಾಡಲಿ.