ಕಲಿತ ಕೆಲಸವನ್ನು ಬರೆದಿಡಿ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ಶಾಲೆಯಲ್ಲಿ ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುತ್ತೇನೆ. ಭಾಷಾ ಶಿಕ್ಷಕರು ತಂತ್ರಜ್ಞಾನದ ಬಗ್ಗೆ ಏನು ಹೇಳಿಯಾರು ಎಂದು ನಿಮಗೆ ಅನ್ನಿಸಬಹುದು. ನಾನು ಹೇಳಲಿರುವುದು ಒಂದೇ ಮಾತು: ನೀವು ಯಾವ ಕೆಲಸಕ್ಕೇ ಹೋಗಿ, ಆ ಕೆಲಸದಲ್ಲಿ ದಿನವೂ ಕಲಿಯುವುದನ್ನು ನಿಮ್ಮ ಭಾಷೆಯಲ್ಲಿ ಬರೆದಿಡಿ. ಉರ್ದುವಿನಲ್ಲಿ ಇದಕ್ಕೆ ರೋಜ್‌ನಾಮ್ಚಾ ಎನ್ನುತ್ತೇವೆ, ಕನ್ನಡದಲ್ಲಿ ದಿನಚರಿ. ಬರೆಯುವ ಕೆಲಸಕ್ಕೆ ಬೇಕಾದ ಮಾತುಗಳನ್ನು ನಮ್ಮ ಎರಡೂ ಭಾಷೆಗಳು ಎಷ್ಟೋ ಕಾಲದಿಂದ ಹಂಚಿಕೊಂಡು ಬಂದಿವೆ. ಕಾಗದ, ತಾರೀಖು, ದಾಖಲೆ, ಜಮಾ, ಖರ್ಚು ಇವೆಲ್ಲ ಅರಬ್ಬಿ ಮತ್ತು ಫಾರಸಿಯಿಂದ ಬಂದು ಕನ್ನಡದ ಮನೆಮಾತಾಗಿರುವ ಪದಗಳು.

ಈ ಸಭೆಯಲ್ಲಿರುವ ವಿದ್ಯಾರ್ಥಿಗಳಲ್ಲಿ ಕೆಲವರು ಇಂಜಿನಿಯರಿಂಗ್ ಓದುವಿರಿ, ಕೆಲವರು ಐಟಿಐ ಅಥವಾ ಡಿಪ್ಲೊಮಾ ಮುಗಿಸುವಿರಿ. ಇನ್ನು ಕೆಲವರು ಗ್ಯಾರೇಜು, ಮೊಬೈಲ್ ರಿಪೇರಿ ಅಂಗಡಿ, ಡಿಟಿಪಿ ಸೆಂಟರ್, ಟೈಲರಿಂಗ್ ಅಂಗಡಿಗಳಲ್ಲಿ ಉಸ್ತಾದರ ಕೈಕೆಳಗೆ ಕೆಲಸ ಕಲಿಯುವಿರಿ. ನಮ್ಮ ಸಮಾಜದಲ್ಲಿ ಕೈಕಸುಬಿನ ಜ್ಞಾನಕ್ಕೆ ಕೊರತೆಯಿಲ್ಲ. ಇಂಜಿನ್ನಿನ ಸದ್ದು ಕೇಳಿಯೇ ಯಾವ ಭಾಗ ಸವೆದಿದೆ ಎಂದು ಹೇಳುವ ಉಸ್ತಾದರು ಪ್ರತಿ ಊರಿನಲ್ಲೂ ಇದ್ದಾರೆ. ಆದರೆ ಆ ಜ್ಞಾನದ ಬಹುಭಾಗ ಅವರ ಕಿವಿಯಲ್ಲಿ, ಬೆರಳುಗಳಲ್ಲಿ ಇದೆ. ಕಾಗದದ ಮೇಲೆ ಇಲ್ಲ. ಉಸ್ತಾದರು ಅಂಗಡಿ ಮುಚ್ಚಿದ ದಿನ ನಲವತ್ತು ವರ್ಷದ ಕಲಿಕೆಯೂ ಬಾಗಿಲು ಹಾಕಿಕೊಳ್ಳುತ್ತದೆ. ಶಾಗಿರ್ದನಾದವನು ಮತ್ತೆ ಮೊದಲಿನಿಂದ ಕಲಿಯಬೇಕಾಗುತ್ತದೆ. ಇದು ಸಣ್ಣ ನಷ್ಟವಲ್ಲ.

ಬರೆದಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಮೂವರ ಉದಾಹರಣೆ ಕೊಡುತ್ತೇನೆ.

ಮೊದಲನೆಯವರು ಇಸ್ಮಾಯಿಲ್ ಅಲ್ ಜಝರಿ. ಇಂದು ಟರ್ಕಿಯಲ್ಲಿರುವ ದಿಯಾರ್‌ಬಕಿರ್ ಪ್ರದೇಶದಲ್ಲಿ ಅರ್ತುಕಿದ್ ದೊರೆಗಳ ಬಳಿ ಯಂತ್ರಗಳನ್ನು ಮಾಡಿಕೊಡುವುದು ಅವರ ಉದ್ಯೋಗ. ನೀರಿನಿಂದ ನಡೆಯುವ ಗಡಿಯಾರಗಳು, ನೀರೆತ್ತುವ ಯಂತ್ರಗಳು, ಕೈತೊಳೆಯಲು ನೀರು ಸುರಿಯುವ ಗೊಂಬೆಗಳು ಅವರ ಕೈಯಲ್ಲಿ ತಯಾರಾದವು. ಇವೆಲ್ಲವನ್ನೂ ಪುಸ್ತಕವಾಗಿ ಬರೆಯಿರಿ ಎಂದು ದೊರೆ ನಾಸಿರುದ್ದೀನ್ ಮಹಮೂದ್ ಕೇಳಿದಾಗ ಅವರು 50 ಯಂತ್ರಗಳ ವಿವರವನ್ನು ಚಿತ್ರಸಹಿತ ಬರೆದು 1206ರಲ್ಲಿ ಮುಗಿಸಿದರು. ಅದರಲ್ಲಿ ಬರೀ ಹೊಗಳಿಕೆಯ ವರ್ಣನೆ ಇಲ್ಲ. ಅಳತೆ ಎಷ್ಟು, ಯಾವ ಲೋಹ, ಯಾವ ಭಾಗ ಎಲ್ಲಿ ಕೂಡಬೇಕು, ಮೊದಲು ಯಾವುದನ್ನು ಮಾಡಬೇಕು ಎಂದು ಕುಶಲಕರ್ಮಿಗೆ ತಿಳಿಯುವಂತೆ ಬರೆದಿದ್ದಾರೆ. ಚಿತ್ರದ ಭಾಗಗಳಿಗೆ ಅಕ್ಷರಗಳ ಗುರುತು ಹಾಕಿ, ಆ ಅಕ್ಷರ ಹಿಡಿದು ವಿವರಿಸಿದ್ದಾರೆ. ಅದರ ಫಲ ನೋಡಿ: 1976ರಲ್ಲಿ ಲಂಡನ್ನಿನ ಸೈನ್ಸ್ ಮ್ಯೂಸಿಯಂನಲ್ಲಿ ಅವರ ಬರಹವನ್ನು ಆಧರಿಸಿ ಆ ದೊಡ್ಡ ನೀರಿನ ಗಡಿಯಾರವನ್ನು ಮತ್ತೆ ಕಟ್ಟಲಾಯಿತು. ಅಂದರೆ 770 ವರ್ಷಗಳ ನಂತರ! ಆ ಕಾಲದಲ್ಲಿ ಜಾಣ ಕುಶಲಕರ್ಮಿಗಳು ಇನ್ನೂ ಅನೇಕರು ಇದ್ದಿರಲೇಬೇಕು. ಬರೆದವರ ಹೆಸರು ನಮಗೆ ಗೊತ್ತಿದೆ.

ಎರಡನೆಯವರು ಮೈಕೆಲ್ ಫ್ಯಾರಡೆ. 1791ರಲ್ಲಿ ಇಂಗ್ಲೆಂಡಿನ ಒಬ್ಬ ಕಮ್ಮಾರನ ಮನೆಯಲ್ಲಿ ಹುಟ್ಟಿದರು. ಹದಿನಾಲ್ಕನೇ ವಯಸ್ಸಿಗೆ ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದರು. 1812ರಲ್ಲಿ ಅಂಗಡಿಯ ಗಿರಾಕಿಯೊಬ್ಬರು ಕೊಟ್ಟ ಟಿಕೇಟಿನಿಂದ ಹಂಫ್ರಿ ಡೇವಿ ಎಂಬ ವಿಜ್ಞಾನಿಯ ನಾಲ್ಕು ಉಪನ್ಯಾಸಗಳನ್ನು ಕೇಳುವ ಅವಕಾಶ ಸಿಕ್ಕಿತು. ಕೇಳಿದ್ದನ್ನೆಲ್ಲ ಚಿತ್ರ ಸಮೇತ ಅಚ್ಚುಕಟ್ಟಾಗಿ ಬರೆದು, ತಮಗೆ ಗೊತ್ತಿದ್ದ ರಟ್ಟಿನ ಕೆಲಸದಿಂದಲೇ ಅದನ್ನು ಪುಸ್ತಕ ಮಾಡಿ ಡೇವಿ ಅವರಿಗೆ ಕಳುಹಿಸಿದರು. 1813ರ ಮಾರ್ಚ್‌ನಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಅವರಿಗೆ ಸಹಾಯಕನ ಕೆಲಸ ಸಿಕ್ಕಿತು. ಕೈಯಲ್ಲಿ ಪದವಿ ಇರಲಿಲ್ಲ, ಶಿಫಾರಸು ಮಾಡುವ ನೆಂಟರಿರಲಿಲ್ಲ. ಬರೆದ ಪುಸ್ತಕ ಇತ್ತು. ಮುಂದೆ ದೊಡ್ಡ ವಿಜ್ಞಾನಿಯಾದ ಮೇಲೂ ಅವರು ಬರೆಯುವುದನ್ನು ಬಿಡಲಿಲ್ಲ. ತಮ್ಮ ಪ್ರಯೋಗಗಳ ದಿನಚರಿಯಲ್ಲಿ ಪ್ರತಿ ಟಿಪ್ಪಣಿಗೂ ಸಂಖ್ಯೆ ಹಾಕುತ್ತ ಹೋದರು. ಆ ಸಂಖ್ಯೆ 16,000 ದಾಟಿತು.

ಮೂರನೆಯವರು ನಮ್ಮ ಕಾಲದ ಡೊನಾಲ್ಡ್ ಕನೂತ್, ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನಿವೃತ್ತ ಕಂಪ್ಯೂಟರ್ ಪ್ರಾಧ್ಯಾಪಕರು. ಗಣಿತದ ಪುಸ್ತಕಗಳನ್ನು ಚೆನ್ನಾಗಿ ಅಚ್ಚು ಜೋಡಿಸಲು ಅವರು ಟೆಕ್ ಎಂಬ ಸಾಫ್ಟ್‌ವೇರ್ ಬರೆದರು. 1978ರಿಂದ ಅದರಲ್ಲಿ ಕಂಡ ಪ್ರತಿ ದೋಷವನ್ನೂ ಒಂದು ಪಟ್ಟಿಯಲ್ಲಿ ಬರೆಯುತ್ತ ಬಂದು, ಅದು ಯಾವ ಜಾತಿಯ ದೋಷ ಎಂದು ವಿಂಗಡಿಸಿದರು. 1989ರಲ್ಲಿ 800ಕ್ಕೂ ಹೆಚ್ಚು ದೋಷಗಳ ಆ ಪಟ್ಟಿಯನ್ನು ಎಲ್ಲರೂ ಓದಲೆಂದು ಪ್ರಕಟಿಸಿದರು. ಅಷ್ಟು ದೊಡ್ಡ ವಿದ್ವಾಂಸರು ತಮ್ಮ ಕೆಲಸದ ದೋಷಗಳನ್ನು ಬರೆದಿಡಲು ನಾಚಲಿಲ್ಲ. ಮುಂದಿನವರು ಅದೇ ಹಳ್ಳಕ್ಕೆ ಬೀಳದಿರಲಿ ಎಂಬುದೇ ಅಂಥ ಬರಹದ ಉಪಕಾರ.

ಮಿತ್ರರೇ, ಇವರಂತೆ ದೊಡ್ಡ ಗ್ರಂಥ ಬರೆಯಿರಿ ಎಂದು ನಾನು ಹೇಳುತ್ತಿಲ್ಲ. ದಿನಕ್ಕೆ ಹತ್ತು ನಿಮಿಷ, ಐದಾರು ಸಾಲು ಸಾಕು. ತಾರೀಖು ಹಾಕಿ. ಏನು ಕೆಲಸ ಬಂತು, ಏನು ತೊಂದರೆ ಕಂಡಿತು, ಏನೇನು ಮಾಡಿ ನೋಡಿದೆ, ಯಾವುದರಿಂದ ಸರಿಹೋಯಿತು, ಎಷ್ಟು ಹೊತ್ತು ಹಿಡಿಯಿತು ಎಂದು ಬರೆಯಿರಿ. ನಮ್ಮ ಶಾಲೆಯ ಕಂಪ್ಯೂಟರ್ ಪಕ್ಕದಲ್ಲಿ ನಾನು ಒಂದು ನೋಟ್ ಪುಸ್ತಕ ಇಟ್ಟಿದ್ದೇನೆ. ಅದರ ಒಂದು ಟಿಪ್ಪಣಿ ಹೀಗಿದೆ: "ಪ್ರಿಂಟರ್ ಕಾಗದ ಎಳೆಯುತ್ತಿಲ್ಲ. ಕಾಗದ ಬದಲಿಸಿದೆ, ಆಗಲಿಲ್ಲ. ಸ್ವಿಚ್ ಆಫ್ ಮಾಡಿ ಒಳಗಿನ ರಬ್ಬರ್ ರೋಲರ್ ನೋಡಿದೆ, ಧೂಳು ಕೂತಿತ್ತು. ಸ್ವಲ್ಪ ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿದೆ. ಸರಿಹೋಯಿತು. ಒಟ್ಟು 15 ನಿಮಿಷ." ಇದನ್ನು ಓದಿದ ಯಾವ ಶಿಕ್ಷಕರೂ ಮುಂದಿನ ಸಲ ಮೆಕ್ಯಾನಿಕ್‌ಗಾಗಿ ಎರಡು ದಿನ ಕಾಯಬೇಕಾಗಿಲ್ಲ.

ಇಲ್ಲಿ ಗಮನಿಸಿ, ಕಾಗದ ಬದಲಿಸಿದರೂ ಆಗಲಿಲ್ಲ ಎಂಬ ಮಾತನ್ನೂ ಬರೆಯಲಾಗಿದೆ. ಯಾವುದು ಫಲಿಸಲಿಲ್ಲ ಎಂಬುದೂ ಜ್ಞಾನವೇ. ಈಗ ಮೊಬೈಲನ್ನು ಕೇಳಿದರೆ ಯಾವ ಪ್ರಶ್ನೆಗೂ ಉತ್ತರ ಬರುತ್ತದೆ, ಬರೆಯುವುದೇಕೆ ಎಂದು ನೀವು ಕೇಳಬಹುದು. ಮೊಬೈಲು ಪ್ರಪಂಚದ ಎಲ್ಲ ಪ್ರಿಂಟರುಗಳ ಬಗ್ಗೆ ಹೇಳೀತು. ನಿಮ್ಮ ಕೋಣೆಯ ಪ್ರಿಂಟರಿಗೆ ಕಳೆದ ಮಳೆಗಾಲದಲ್ಲಿ ಏನಾಗಿತ್ತು ಎಂಬುದು ನೀವು ಬರೆದರೆ ಮಾತ್ರ ಉಳಿಯುತ್ತದೆ. ಇನ್ನೊಂದು ಮಾತು: ಮಾಡಿದ್ದನ್ನು ಐದು ಸಾಲಿನಲ್ಲಿ ಬರೆಯಲು ಕುಳಿತಾಗಲೇ ನಮಗೆ ಯಾವುದು ಸರಿಯಾಗಿ ಅರ್ಥವಾಗಿಲ್ಲ ಎಂದು ಗೊತ್ತಾಗುವುದು. ಇದನ್ನು ಬಿ.ಇಡಿ. ಓದಿದ ಪ್ರತಿಯೊಬ್ಬರೂ ಪಾಠ ಟಿಪ್ಪಣಿ ಬರೆಯುವಾಗ ಅನುಭವಿಸಿದ್ದೇವೆ.

ಕೆಲಸದ ವಿಷಯದ ಜೊತೆಗೆ ದುಡಿಮೆಯ ವಿಷಯವನ್ನೂ ಬರೆಯಿರಿ. ಎಷ್ಟು ಗಂಟೆಗೆ ಹೋದೆ, ಎಷ್ಟು ಗಂಟೆಗೆ ಬಂದೆ, ಎಷ್ಟು ಮುಂಗಡ ಪಡೆದೆ, ಎಷ್ಟು ಕೂಲಿ ಬಾಕಿ ಎಂಬ ಲೆಕ್ಕ ನಿಮ್ಮ ಕೈಯಲ್ಲಿರಲಿ. ಸಣ್ಣ ಅಂಗಡಿಗಳಲ್ಲಿ ನೇಮಕದ ಪತ್ರ ಕೊಡುವ ರೂಢಿ ಕಡಿಮೆ. ತಿಂಗಳ ಕೊನೆಗೆ ಮಾತಿಗೆ ಮಾತು ಬಂದಾಗ, ಅಂದಂದೇ ತಾರೀಖು ಹಾಕಿ ಬರೆದ ಪುಸ್ತಕಕ್ಕೆ ನೆನಪಿಗಿಂತ ಹೆಚ್ಚಿನ ಬೆಲೆ ಇರುತ್ತದೆ. ಕೆಲಸ ಕೇಳಲು ಹೋದಾಗಲೂ ಅಷ್ಟೇ. ನನಗೆ ಕಂಪ್ಯೂಟರ್ ಬರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಒಂದು ವರ್ಷದಲ್ಲಿ ಯಾವ ಯಾವ ತೊಂದರೆಯನ್ನು ಹೇಗೆ ಬಗೆಹರಿಸಿದೆ ಎಂದು ತೋರಿಸುವವರು ಬಹಳ ಅಪರೂಪ.

ಇನ್ನು ಯಾವ ಭಾಷೆಯಲ್ಲಿ ಬರೆಯಬೇಕು? ಇಂಗ್ಲಿಷ್ ಸರಿಯಾಗಿ ಬರುವುದಿಲ್ಲ ಎಂಬ ಕಾರಣಕ್ಕೆ ಅನೇಕ ಹುಡುಗರು ಬರೆಯುವುದನ್ನೇ ಬಿಟ್ಟಿದ್ದಾರೆ. ಕನ್ನಡದಲ್ಲಿ ಬರೆಯಿರಿ, ಉರ್ದುವಿನಲ್ಲಿ ಬರೆಯಿರಿ. ರೋಲರ್, ಸಾಫ್ಟ್‌ವೇರ್, ಬ್ಯಾಟರಿ ಎಂಬ ಪದಗಳು ಹಾಗೆಯೇ ಬರಲಿ, ಅದರಿಂದ ಭಾಷೆ ಕೆಡುವುದಿಲ್ಲ. ಹೆಣ್ಣುಮಕ್ಕಳಿಗೆ ವಿಶೇಷವಾಗಿ ಹೇಳುತ್ತೇನೆ: ಮನೆಯಲ್ಲೇ ಕುಳಿತು ಹೊಲಿಗೆ, ಕಸೂತಿ, ಟೈಪಿಂಗ್ ಮಾಡುವ ಕೆಲಸವೂ ಕೆಲಸವೇ. ಒಂದು ಕುರ್ತಾಕ್ಕೆ ಎಷ್ಟು ಬಟ್ಟೆ ಹಿಡಿಯಿತು, ಎಷ್ಟು ಗಂಟೆ ಹಿಡಿಯಿತು ಎಂದು ಬರೆದರೆ ತಾನೆ ಮಜೂರಿ ಎಷ್ಟು ಕೇಳಬೇಕೆಂದು ತಿಳಿಯುವುದು?

ಕಂಪ್ಯೂಟರಿನಲ್ಲಿ ಅಥವಾ ಫೋನಿನಲ್ಲಿ ಬರೆಯುವವರು ಯೂನಿಕೋಡ್‌ನಲ್ಲೇ ಬರೆಯಿರಿ. ಹಿಂದೆ ನುಡಿ, ಬರಹದಂಥ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬರೆದ ಕಡತವನ್ನು ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತಿದ್ದವು. ಕಾರಣ, ಅವು ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳ ಮೇಲೆಯೇ ಕನ್ನಡದ ರೂಪಗಳನ್ನು ಕೂರಿಸಿದ್ದವು. ಯೂನಿಕೋಡ್‌ನಲ್ಲಿ ಪ್ರತಿ ಲಿಪಿಯ ಅಕ್ಷರಕ್ಕೂ ಅದರದೇ ಸಂಖ್ಯೆ ಇದೆ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡ ಸೇರಿತ್ತು. ಕನ್ನಡದ 'ಕ' ಅಕ್ಷರದ ಸಂಖ್ಯೆ 3221, ಉರ್ದುವಿನ 'ಬೇ' ಅಕ್ಷರದ ಸಂಖ್ಯೆ 1576. ಯಾವ ಕಂಪನಿಯ ಫೋನಿನಲ್ಲಾದರೂ ಈ ಸಂಖ್ಯೆಗಳು ಬದಲಾಗುವುದಿಲ್ಲ. ಆದ್ದರಿಂದ ಇಂದು ಬರೆದದ್ದನ್ನು ಹತ್ತು ವರ್ಷದ ನಂತರವೂ ತೆರೆಯಬಹುದು, ಒಂದು ಪದ ಹಾಕಿ ಹುಡುಕಲೂಬಹುದು. ಆದರೆ ಫೋನು ಒಡೆಯುತ್ತದೆ, ಕಳೆಯುತ್ತದೆ. ಇನ್ನೊಂದು ಕಡೆ ಪ್ರತಿ ಇಡಿ. ವಾಟ್ಸಾಪ್ ಸ್ಟೇಟಸ್‌ನಲ್ಲಿ ಹಾಕಿದ್ದು 24 ಗಂಟೆಯಲ್ಲಿ ಮಾಯವಾಗುತ್ತದೆ, ಅದನ್ನು ದಾಖಲೆ ಎಂದುಕೊಳ್ಳಬೇಡಿ. ಇದೆಲ್ಲ ಕಷ್ಟವೆನಿಸಿದರೆ ಅಂಗಡಿಯಲ್ಲಿ ಸಿಗುವ ಇನ್ನೂರು ಪುಟದ ನೋಟ್ ಪುಸ್ತಕವೇ ಒಳ್ಳೆಯದು.

ಒಂದು ಎಚ್ಚರಿಕೆಯ ಮಾತು. ಗಿರಾಕಿಯ ಫೋನಿನಲ್ಲಿ ಕಂಡದ್ದು, ಅವರ ಪಾಸ್‌ವರ್ಡ್, ಆಧಾರ್ ಸಂಖ್ಯೆ, ಮಾಲೀಕರ ವ್ಯಾಪಾರದ ಗುಟ್ಟು ಇವನ್ನು ಎಲ್ಲೂ ಬರೆಯಕೂಡದು. ಅದು ನಮ್ಮಲ್ಲಿ ಇಟ್ಟ ಅಮಾನತು. ಸಹೋದ್ಯೋಗಿಯ ಮೇಲಿನ ಸಿಟ್ಟು ತೀರಿಸಿಕೊಳ್ಳಲೂ ಈ ಪುಸ್ತಕ ಬೇಡ. ನಾಳೆ ಉಸ್ತಾದರೇ ಅದನ್ನು ಓದಿದರೂ ನೀವು ತಲೆ ತಗ್ಗಿಸುವಂತಾಗಬಾರದು.

ಕೊನೆಯದಾಗಿ ಸಂಘದ ಹಿರಿಯರಲ್ಲಿ ಒಂದು ವಿನಂತಿ. ನಮ್ಮ ವಾಚನಾಲಯದಲ್ಲಿ ಒಂದು ಕಪಾಟು ಇಂಥ ಪುಸ್ತಕಗಳಿಗೆ ಮೀಸಲಾಗಲಿ. ಬರೆಯಲು ಬಾರದ ಉಸ್ತಾದರ ಬಳಿಗೆ ನಮ್ಮ ವಿದ್ಯಾರ್ಥಿಗಳನ್ನು ಕಳುಹಿಸೋಣ; ಉಸ್ತಾದರು ಹೇಳಲಿ, ಮಕ್ಕಳು ಬರೆಯಲಿ. ಒಬ್ಬ ಮೆಕ್ಯಾನಿಕ್, ಒಬ್ಬ ಬಡಗಿ, ಒಬ್ಬ ವೈಂಡಿಂಗ್ ಕೆಲಸದವರು, ವರ್ಷಕ್ಕೆ ಮೂವರದಾದರೂ ಆಗಲಿ. ವಿದ್ಯಾರ್ಥಿಗಳೇ, ಇಂದು ರಾತ್ರಿ ಮಲಗುವ ಮೊದಲು ತಾರೀಖು ಹಾಕಿ ಐದು ಸಾಲು ಬರೆಯಿರಿ. ಮುಂದಿನ ವಾರ್ಷಿಕೋತ್ಸವಕ್ಕೆ ಬರುವಾಗ ಆ ಪುಸ್ತಕವನ್ನು ಕೈಯಲ್ಲಿ ಹಿಡಿದು ಬನ್ನಿ, ನಾನೂ ನನ್ನದನ್ನು ತರುತ್ತೇನೆ.